ಕ್ಯಾನ್ಸರ್ ನೋವಿಗೆ ಚೀನಾದ ಸೂಜಿ: ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ

"ಕ್ಯಾನ್ಸರ್ ನೋವಿಗೆ ಮಾರ್ಫಿನ್ ಬೇಡ, ಚೀನಾದ ಸೂಜಿ ಸಾಕು. ಅಡ್ಡ ಪರಿಣಾಮ ಒಂದೂ ಇಲ್ಲ. ಒಬ್ಬರಿಗಾದರೂ ಉಪಯೋಗವಾಗಲಿ, ಎಲ್ಲ ಗ್ರೂಪ್‌ಗಳಿಗೂ ಕಳುಹಿಸಿ." ಈ ಧಾಟಿಯ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಬಂದ ಐದೇ ನಿಮಿಷಕ್ಕೆ ಗ್ರೂಪಿನಲ್ಲಿ ಇನ್ನೊಬ್ಬರು "ಅದೆಲ್ಲ ಬರೀ ಬೊಗಳೆ ಮಾರಾಯ್ರೆ" ಎಂದು ಬರೆಯುತ್ತಾರೆ. ಅಲ್ಲಿಂದ ಜಗಳ ಶುರು. ಇಬ್ಬರದೂ ಪೂರ್ತಿ ಸರಿಯಲ್ಲ. ಅಕ್ಯುಪಂಕ್ಚರ್ ಎಂದು ಕರೆಯುವ ಈ ಸೂಜಿ ಚಿಕಿತ್ಸೆಯಿಂದ ಕ್ಯಾನ್ಸರ್ ರೋಗಿಗಳ ಕೆಲವು ಬಗೆಯ ನೋವು ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತದೆ ಎನ್ನಲು ಆಧಾರ ಇದೆ. ಆದರೆ ಅದು ಕ್ಯಾನ್ಸರನ್ನು ಗುಣಪಡಿಸುವುದಿಲ್ಲ, ಮಾರ್ಫಿನ್ ಜಾಗದಲ್ಲಿ ನಿಲ್ಲುವುದೂ ಇಲ್ಲ. ಅವಸರದಲ್ಲಿದ್ದವರು ಇಷ್ಟನ್ನೇ ತಿಳಿದುಕೊಂಡು ಹೋಗಬಹುದು. ಮನೆಯಲ್ಲಿ ನೋವು ತಿನ್ನುತ್ತಿರುವವರು ಇದ್ದರೆ ಮುಂದೆಯೂ ಓದಿ.

ಮೊದಲು ಕೇಳಬೇಕಾದ ಪ್ರಶ್ನೆ: ನೋವು ಎಲ್ಲಿಂದ ಬರುತ್ತಿದೆ?

"ಕ್ಯಾನ್ಸರ್ ನೋವು" ಎಂಬ ಒಂದೇ ನೋವು ಇಲ್ಲ. ಗಡ್ಡೆ ಬೆಳೆದು ನರವನ್ನು ಒತ್ತಿದರೆ ಒಂದು ಬಗೆ. ಸುಟ್ಟ ಹಾಗೆ, ಕರೆಂಟು ಹೊಡೆದ ಹಾಗೆ ಎಂದು ರೋಗಿ ಹೇಳುತ್ತಾರೆ. ರೋಗ ಮೂಳೆಗೆ ಹರಡಿದರೆ ಇನ್ನೊಂದು ಬಗೆ. ಮಗ್ಗುಲು ಬದಲಿಸಿದರೂ ಜೀವ ಹೋಗುವಂತಾಗುತ್ತದೆ. ಕೀಮೋ ಔಷಧಿಯಿಂದ ಕೈಕಾಲು ಜೋಮು ಹಿಡಿದು ಉರಿಯುವುದು ಮತ್ತೊಂದು. ಬಾಯಿ ಕ್ಯಾನ್ಸರಿಗೆ ಆಪರೇಷನ್ ಆದ ಮೇಲೆ ಕುತ್ತಿಗೆ, ಭುಜ ಸೆಟೆದುಕೊಳ್ಳುವುದು ಬೇರೆಯೇ. ಎಲೆ ಅಡಿಕೆ ಹೊಗೆಸೊಪ್ಪು, ಗುಟ್ಕಾ ಹಾಕುವವರಿರುವ ನಮ್ಮ ಊರುಗಳಿಗೆ ಈ ಕೊನೆಯದು ಹೊಸತೇನಲ್ಲ. ಸ್ತನ ಕ್ಯಾನ್ಸರಿಗೆ ವರ್ಷಗಟ್ಟಲೆ ಮಾತ್ರೆ ನುಂಗುವ ಹೆಂಗಸರಿಗೆ ಬೆಳಿಗ್ಗೆ ಎದ್ದಾಗ ಬೆರಳು, ಮಂಡಿ ಹಿಡಿದುಕೊಳ್ಳುವುದೂ ಇದೇ ಪಟ್ಟಿಗೆ ಸೇರುತ್ತದೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಕಾಪುವಿನಲ್ಲೋ ಕಾರ್ಕಳದಲ್ಲೋ ಕ್ಯಾನ್ಸರ್ ಚಿಕಿತ್ಸೆ ಪಡೆದ ಒಬ್ಬ ಹಿರಿಯರಿಗೆ ಹೊಸದಾಗಿ ಬೆನ್ನು ನೋವು ಶುರುವಾಯಿತು ಎಂದುಕೊಳ್ಳಿ. ಮನೆಯವರು ಸೂಜಿ ಹಾಕಿಸಲು ಕರೆದುಕೊಂಡು ಹೋದರು, ನೋವು ಸ್ವಲ್ಪ ತಗ್ಗಿತು, ಎಲ್ಲರಿಗೂ ಸಮಾಧಾನವಾಯಿತು. ಆದರೆ ಅದು ಬೆನ್ನುಮೂಳೆಗೆ ಹರಡಿದ ರೋಗವಾಗಿದ್ದರೆ, ಒಳಗೆ ಬೆನ್ನುಹುರಿಯ ಮೇಲೆ ಒತ್ತಡ ಹೆಚ್ಚುತ್ತಲೇ ಇರುತ್ತದೆ. ಕಾಲಿನಲ್ಲಿ ಬಲ ಕಡಿಮೆಯಾಗುವುದು, ಮರಗಟ್ಟುವುದು, ಮೂತ್ರ ಕಟ್ಟಿಕೊಳ್ಳುವುದು ಕಂಡರೆ ಅದು ತುರ್ತು ಪರಿಸ್ಥಿತಿ. ಅದೇ ದಿನ ಆಸ್ಪತ್ರೆ ಸೇರಿದರೆ ಕಾಲು ಉಳಿಸಿಕೊಳ್ಳಬಹುದು, ತಡವಾದರೆ ಮತ್ತೆ ನಡೆಯುವುದು ಕಷ್ಟ. ಹೊಸ ನೋವು, ಜಾಗ ಬದಲಾದ ನೋವು, ಇದ್ದಕ್ಕಿದ್ದಂತೆ ಜೋರಾದ ನೋವು, ಇವುಗಳಿಗೆ ಮೊದಲು ಕ್ಯಾನ್ಸರ್ ವೈದ್ಯರು. ಸೂಜಿಯ ವಿಚಾರ ಆಮೇಲೆ.

ಮೂಳೆಯ ನೋವಿಗೆ ಬೇರೆ ದಾರಿಯೂ ಇದೆ. ಒಂದೇ ಒಂದು ಸಲ ಕೊಡುವ 8 ಗ್ರೇ ಪ್ರಮಾಣದ ವಿಕಿರಣದಿಂದ ಹತ್ತರಲ್ಲಿ ಸುಮಾರು ಆರು ಮಂದಿಗೆ ಕೆಲವು ವಾರಗಳಲ್ಲಿ ನೋವು ಇಳಿಯುತ್ತದೆ. ಹೊಟ್ಟೆಯ ಮೇಲ್ಭಾಗದ, ಅದರಲ್ಲೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ಭಯಂಕರ ನೋವಿಗೆ ಅರಿವಳಿಕೆ ತಜ್ಞರು ಸ್ಕ್ಯಾನ್ ನೋಡಿಕೊಂಡೇ ನರಗಳ ಗುಂಪಿಗೆ ಮದ್ದು ಚುಚ್ಚಿ, ನೋವಿನ ಸಂದೇಶ ಹೋಗುವ ದಾರಿಯನ್ನೇ ಮುಚ್ಚುತ್ತಾರೆ. ಅದೂ ಸೂಜಿಯೇ, ಆದರೆ ಚೀನಾದ್ದಲ್ಲ. ಅದರ ಬಗ್ಗೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಹಾಗಾದರೆ ಚೀನಾದ ಸೂಜಿ ಎಂದರೆ ಏನು?

ಇಂಜೆಕ್ಷನ್ ಸೂಜಿಯನ್ನು ಮನಸ್ಸಿನಿಂದ ತೆಗೆದುಹಾಕಿ. ಅಕ್ಯುಪಂಕ್ಚರ್ ಸೂಜಿಯ ಒಳಗೆ ತೂತು ಇಲ್ಲ, ಅದರಲ್ಲಿ ಮದ್ದು ಹೋಗುವುದಿಲ್ಲ. ಸಾಮಾನ್ಯವಾಗಿ ಕಾಲು ಮಿಲಿಮೀಟರ್ ದಪ್ಪದ ಸ್ಟೀಲ್ ತಂತಿ ಅಷ್ಟೇ. ಆಸ್ಪತ್ರೆಯ ಸಾಮಾನ್ಯ ಇಂಜೆಕ್ಷನ್ ಸೂಜಿ ಅದರ ಎರಡು ಪಟ್ಟಿಗಿಂತ ದಪ್ಪ. ಹತ್ತಾರು ಕಡೆ ಚುಚ್ಚಿ, ಇಪ್ಪತ್ತು ಮೂವತ್ತು ನಿಮಿಷ ಹಾಗೇ ಬಿಡುತ್ತಾರೆ. ಕೆಲವೊಮ್ಮೆ ಸೂಜಿಗೆ ತಂತಿ ಜೋಡಿಸಿ ಸಣ್ಣ ಪ್ರಮಾಣದ ವಿದ್ಯುತ್ ಹರಿಸುತ್ತಾರೆ. ಇದು ಎಲೆಕ್ಟ್ರೋ ಅಕ್ಯುಪಂಕ್ಚರ್. ಕಿವಿಗೆ ಮಾತ್ರ ಚುಚ್ಚುವ ಪದ್ಧತಿಯೂ ಇದೆ. ಸೂಜಿ ಇಲ್ಲದೆ ಬೆರಳಿನಿಂದ ಒತ್ತಿದರೆ ಅದು ಅಕ್ಯುಪ್ರೆಶರ್.

ಚೀನೀ ಭಾಷೆಯಲ್ಲಿ ಈ ವಿದ್ಯೆಯ ಹೆಸರು ‘ಝೆನ್ ಜಿಯು’. ಝೆನ್ ಎಂದರೆ ಸೂಜಿ, ಜಿಯು ಎಂದರೆ ಕಾವು ಕೊಡುವುದು. ಒಣಗಿಸಿದ ಒಂದು ಗಿಡದ ಎಲೆಯನ್ನು ಉಂಡೆ ಅಥವಾ ಬತ್ತಿ ಮಾಡಿ, ಚರ್ಮದ ಹತ್ತಿರ ಹಿಡಿದು ಉರಿಸುತ್ತಾರೆ. ಆ ಗಿಡ ನಾವು ಹೂವಿನ ದಂಡೆಗೆ ಸೇರಿಸುವ ಪರಿಮಳದ ಮಾಚಿಪತ್ರೆಯ ಕುಟುಂಬದ್ದೇ. ಬರೆ ಹಾಕುವುದನ್ನು ಕಂಡ ನಮ್ಮ ಅಜ್ಜಿಯಂದಿರಿಗೆ ಇದು ಅಷ್ಟೇನೂ ವಿಚಿತ್ರ ಅನಿಸಲಿಕ್ಕಿಲ್ಲ. ಆದರೆ ವಿಕಿರಣ ಪಡೆದ ಚರ್ಮದ ಮೇಲೆ, ಸ್ಪರ್ಶಜ್ಞಾನ ಕಳೆದುಕೊಂಡ ಪಾದದ ಮೇಲೆ ಈ ಕಾವು ಖಂಡಿತ ಬೇಡ. ಸುಟ್ಟದ್ದು ರೋಗಿಗೆ ಗೊತ್ತೇ ಆಗುವುದಿಲ್ಲ.

ಸಾಂಪ್ರದಾಯಿಕ ವಿವರಣೆ ಹೀಗಿದೆ: ದೇಹದಲ್ಲಿ ‘ಚೀ’ ಎಂಬ ಪ್ರಾಣಶಕ್ತಿ ನಾಳಗಳಂಥ ದಾರಿಗಳಲ್ಲಿ ಹರಿಯುತ್ತದೆ, ಅದು ತಡೆದಲ್ಲಿ ನೋವು ಹುಟ್ಟುತ್ತದೆ, ಸೂಜಿ ಆ ತಡೆ ತೆಗೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಂಥ 361 ಬಿಂದುಗಳಿಗೆ ಏಕರೂಪದ ಹೆಸರು ಕೊಟ್ಟಿದೆ. ಹೆಸರು ಕೊಟ್ಟಿದೆ ಎಂದ ಮಾತ್ರಕ್ಕೆ ಆ ದಾರಿಗಳು ದೇಹದಲ್ಲಿ ಇವೆ ಎಂದು ಸಾಬೀತಾದಂತಲ್ಲ. ಶವಪರೀಕ್ಷೆಯಲ್ಲಾಗಲೀ ಸ್ಕ್ಯಾನಿನಲ್ಲಾಗಲೀ ಅಂಥ ನಾಳಗಳನ್ನು ಯಾರೂ ತೋರಿಸಿಲ್ಲ.

ಸೋಲಾಪುರದ ವೈದ್ಯ, ಬೀಜಿಂಗಿನ ಪತ್ರಕರ್ತ

ಅಕ್ಯುಪಂಕ್ಚರ್ ಎರಡು ಸಾವಿರ ವರ್ಷದಿಂದ ಚೀನಾದಲ್ಲಿ ತಡೆಯಿಲ್ಲದೆ ನಡೆದು ಬಂದಿದೆ ಎಂಬುದು ಫಾರ್ವರ್ಡ್‌ಗಳ ಇನ್ನೊಂದು ನಂಬಿಕೆ. 1822ರಲ್ಲಿ ಚೀನಾದ ಚಕ್ರವರ್ತಿಯೇ ಅರಮನೆಯ ವೈದ್ಯಶಾಲೆಯಿಂದ ಅದನ್ನು ಹೊರಗೆ ಹಾಕಿದ್ದರು. ಮತ್ತೆ ಅದಕ್ಕೆ ಸರ್ಕಾರಿ ಮರ್ಯಾದೆ ಸಿಕ್ಕಿದ್ದು 1950ರ ದಶಕದಲ್ಲಿ, ಮಾವೋ ಕಾಲದಲ್ಲಿ.

ಪಶ್ಚಿಮದಲ್ಲಿ ಅದು ದೊಡ್ಡ ಮಟ್ಟದಲ್ಲಿ ಜನರ ಗಮನ ಸೆಳೆದದ್ದು 1971ರಲ್ಲಿ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜೇಮ್ಸ್ ರೆಸ್ಟನ್ ಅವರಿಗೆ ಬೀಜಿಂಗಿನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು. "ಸೂಜಿ ಚುಚ್ಚಿಯೇ ಅರಿವಳಿಕೆ ಇಲ್ಲದೆ ಹೊಟ್ಟೆ ಕೊಯ್ದರು" ಎಂದು ಇಂದಿಗೂ ಕಥೆ ಹೇಳುವವರಿದ್ದಾರೆ. ರೆಸ್ಟನ್ ಸ್ವತಃ ಬರೆದದ್ದು ಬೇರೆ: ಆಪರೇಷನ್ ನಡೆದದ್ದು ಮಾಮೂಲಿ ಅರಿವಳಿಕೆ ಔಷಧಿಯಲ್ಲೇ, ಸೂಜಿ ಚುಚ್ಚಿದ್ದು ಆಮೇಲೆ, ಹೊಟ್ಟೆ ಉಬ್ಬರದ ಸಂಕಟಕ್ಕೆ.

ಭಾರತಕ್ಕೆ ಅದು ಬಂದ ದಾರಿ ಇನ್ನೂ ಸ್ವಾರಸ್ಯಕರ. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಭಾರತದಿಂದ ಐವರು ವೈದ್ಯರ ತಂಡ ಹೋಯಿತು. ಅದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಡಾ. ದ್ವಾರಕಾನಾಥ ಕೋಟ್ನಿಸ್, ನಮ್ಮ ಗಡಿಯಾಚೆಯ ಸೋಲಾಪುರದವರು, 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಕೊಲ್ಕತ್ತದ ಡಾ. ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಸೂಜಿ ವಿದ್ಯೆ ಕಲಿತು ಬಂದರು. ಭಾರತದಲ್ಲಿ ಅಕ್ಯುಪಂಕ್ಚರಿಗೆ ತಳಹದಿ ಹಾಕಿದವರು ಅವರೇ.

ಕೇಂದ್ರ ಸರ್ಕಾರ 2003ರಲ್ಲಿ ಇದನ್ನು ತರಬೇತಾದವರು ಬಳಸಬಹುದಾದ ಚಿಕಿತ್ಸಾ ವಿಧಾನ ಎಂದು ಒಪ್ಪಿತು, 2019ರಲ್ಲಿ ಪ್ರತ್ಯೇಕ ಪದ್ಧತಿಯೆಂದು ಮಾನ್ಯ ಮಾಡಿತು. ನಮ್ಮ ಕರಾವಳಿಯಲ್ಲಿ ಇದು ಹೆಚ್ಚಾಗಿ ಜನರಿಗೆ ಸಿಗುವುದು ಪ್ರಕೃತಿ ಚಿಕಿತ್ಸೆಯ ಮೂಲಕ. ಐದೂವರೆ ವರ್ಷದ ಬಿಎನ್‌ವೈಎಸ್ ಪದವಿಯಲ್ಲಿ ಅಕ್ಯುಪಂಕ್ಚರ್ ಒಂದು ಪಾಠ. ಉಜಿರೆಯಲ್ಲಿ 1989ರಿಂದ ಆ ಕಾಲೇಜು ಇದೆ, ಮಣಿಪಾಲದ ಹತ್ತಿರ ಪರೀಕದಲ್ಲಿ ಅದೇ ಧರ್ಮಸ್ಥಳ ಸಂಸ್ಥೆಯ ಪ್ರಕೃತಿ ಚಿಕಿತ್ಸಾ ಆಸ್ಪತ್ರೆ ಸೌಖ್ಯವನ ಇದೆ. ಅಂದರೆ ಉಡುಪಿಯವರಿಗೆ ಇದು ದೂರದ ಮಾತಲ್ಲ. ಆದ್ದರಿಂದಲೇ ಎಲ್ಲಿ ಉಪಯೋಗ, ಎಲ್ಲಿ ಇಲ್ಲ ಎಂದು ತಿಳಿದಿರಬೇಕು.

ಚುಚ್ಚಿದರೆ ನೋವು ಯಾಕೆ ಕಡಿಮೆಯಾಗಬೇಕು?

ನಮ್ಮ ಮೆದುಳು, ಬೆನ್ನುಹುರಿಗಳು ತಾವೇ ನೋವು ನಿವಾರಕ ವಸ್ತುಗಳನ್ನು ತಯಾರಿಸುತ್ತವೆ. ಎಂಡಾರ್ಫಿನ್ ಎಂಬ ಹೆಸರನ್ನು ನೀವು ಕೇಳಿರಬಹುದು. ‘ದೇಹದೊಳಗಿನ ಮಾರ್ಫಿನ್’ ಎಂಬುದೇ ಆ ಹೆಸರಿನ ಅರ್ಥ. 1970ರ ದಶಕದಲ್ಲಿ ಸಂಶೋಧಕರು ಒಂದು ಪರೀಕ್ಷೆ ಮಾಡಿದರು. ನಲಾಕ್ಸೋನ್ ಎಂಬ ಔಷಧಿ ಮಾರ್ಫಿನ್ನಿನ ಪರಿಣಾಮವನ್ನು ಅಳಿಸಿಹಾಕುತ್ತದೆ. ಸೂಜಿ ಚುಚ್ಚಿಸಿಕೊಂಡು ನೋವು ತಗ್ಗಿದವರಿಗೆ ಅದನ್ನೇ ಕೊಟ್ಟಾಗ ಸೂಜಿಯ ಪರಿಣಾಮವೂ ಕುಗ್ಗಿತು. ಬೀಜಿಂಗಿನ ಹಾನ್ ಜಿಶೆಂಗ್ ಮತ್ತು ಸಂಗಡಿಗರು, ಸೂಜಿಗೆ ಕೊಡುವ ವಿದ್ಯುತ್ತಿನ ಮಿಡಿತದ ವೇಗ ಬದಲಿಸಿದರೆ ಬಿಡುಗಡೆಯಾಗುವ ವಸ್ತುವೂ ಬದಲಾಗುತ್ತದೆ ಎಂದು ತೋರಿಸಿದರು. 2010ರಲ್ಲಿ ಇಲಿಗಳ ಮೇಲಿನ ಅಧ್ಯಯನದಲ್ಲಿ, ಸೂಜಿ ತಿರುವಿದ ಜಾಗದಲ್ಲಿ ಅಡೆನೊಸಿನ್ ಎಂಬ ವಸ್ತು ಹೆಚ್ಚಿ ನೋವಿನ ನರವನ್ನು ಮಂದ ಮಾಡಿದ್ದು ಕಂಡುಬಂತು.

ಇಲ್ಲೊಂದು ತಮಾಷೆ ಇದೆ ನೋಡಿ. "ಮಾರ್ಫಿನ್ ವಿಷ, ಸೂಜಿ ಸಹಜ" ಎಂದು ಸಂದೇಶ ಹೇಳುತ್ತದೆ. ಸೂಜಿ ಕೆಲಸ ಮಾಡುವಷ್ಟು ಮಟ್ಟಿಗೆ, ಅದು ತಟ್ಟುವುದು ಬಹುಪಾಲು ಮಾರ್ಫಿನ್ ತಟ್ಟುವ ಬಾಗಿಲನ್ನೇ. ವ್ಯತ್ಯಾಸ ಪ್ರಮಾಣದಲ್ಲಿ. ಮೂಳೆ ತಿನ್ನುವ ನೋವಿಗೆ ದೇಹದ ಸ್ವಂತ ದಾಸ್ತಾನು ಸಾಲುವುದಿಲ್ಲ.

ಸುಳ್ಳು ಸೂಜಿಯ ಪರೀಕ್ಷೆ

ಯಾರೋ ಅರ್ಧ ಗಂಟೆ ಪಕ್ಕದಲ್ಲಿ ಕೂತು, ಪ್ರೀತಿಯಿಂದ ಮಾತಾಡಿ, ಮೈ ಮುಟ್ಟಿ ಉಪಚಾರ ಮಾಡಿದರೆ ಅದರಿಂದಲೇ ನೋವು ಸ್ವಲ್ಪ ಕಡಿಮೆಯಾಗುತ್ತದೆ. ಹಾಗಾದರೆ ಸೂಜಿಯ ಪಾಲೆಷ್ಟು, ಉಪಚಾರದ ಪಾಲೆಷ್ಟು? ಇದನ್ನು ಬೇರ್ಪಡಿಸಲು ವಿಜ್ಞಾನಿಗಳು ಸುಳ್ಳು ಸೂಜಿ ಕಂಡುಹಿಡಿದರು. 1998ರಲ್ಲಿ ಜರ್ಮನಿಯ ಸ್ಟ್ರೈಟ್‌ಬರ್ಗರ್ ತಯಾರಿಸಿದ ಸೂಜಿ ನಾಟಕದ ಚೂರಿಯ ಹಾಗೆ: ಚರ್ಮಕ್ಕೆ ತಾಗಿದ ಕೂಡಲೇ ತನ್ನ ಹಿಡಿಯೊಳಗೆ ಜಾರಿಕೊಳ್ಳುತ್ತದೆ, ಒಳಗೆ ಹೋದಂತೆ ಕಾಣುತ್ತದೆ, ಹೋಗಿರುವುದಿಲ್ಲ. ಇನ್ನು ಕೆಲವು ಅಧ್ಯಯನಗಳಲ್ಲಿ ನಿಜ ಸೂಜಿಯನ್ನೇ ಬಿಂದುವಲ್ಲದ ಜಾಗಕ್ಕೆ ಮೇಲಿಂದ ಮೇಲೆ ಚುಚ್ಚುತ್ತಾರೆ.

ಈ ಪರೀಕ್ಷೆಯಲ್ಲಿ ಚೆನ್ನಾಗಿ ತಾಳಿಕೊಂಡ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ, ಏಕೆಂದರೆ ಅದು ಬಹಳ ಮನೆಗಳಿಗೆ ಸಂಬಂಧಿಸಿದ್ದು. ಸ್ತನ ಕ್ಯಾನ್ಸರಿನ ಆಪರೇಷನ್, ಕೀಮೋ ಮುಗಿದ ಮೇಲೆ, ಮುಟ್ಟು ನಿಂತ ಅನೇಕ ಮಹಿಳೆಯರಿಗೆ ಲೆಟ್ರೊಜೋಲ್, ಅನಾಸ್ಟ್ರೊಜೋಲ್‌ನಂಥ ಮಾತ್ರೆಯನ್ನು ಐದು ವರ್ಷವೋ ಇನ್ನೂ ಹೆಚ್ಚೋ ಕೊಡುತ್ತಾರೆ. ರೋಗ ಮರಳದಂತೆ ಕಾಯುವ ಮಾತ್ರೆ ಅದು. ಆದರೆ ಅದು ಕೀಲು ಕೀಲಿಗೂ ನೋವು ತರುತ್ತದೆ. "ಪಾತ್ರೆ ಹಿಡಿಯಲಿಕ್ಕೂ ಆಗುವುದಿಲ್ಲ" ಎಂದು ಬೇಸತ್ತು, ವೈದ್ಯರಿಗೂ ಹೇಳದೆ ಮಾತ್ರೆ ನಿಲ್ಲಿಸುವವರಿದ್ದಾರೆ. ನಿಲ್ಲಿಸಿದರೆ ರೋಗ ಮರಳುವ ಸಾಧ್ಯತೆ ಹೆಚ್ಚುತ್ತದೆ. ಈ ನೋವು ತಗ್ಗಿಸಬಲ್ಲ ಯಾವುದಕ್ಕೂ ಹಾಗಾಗಿ ದೊಡ್ಡ ಬೆಲೆ ಇದೆ.

ಅಮೆರಿಕದಲ್ಲಿ 226 ಇಂಥ ಮಹಿಳೆಯರನ್ನು ಮೂರು ಗುಂಪು ಮಾಡಿ ನೋಡಿದರು. ಫಲಿತಾಂಶ 2018ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನೋವನ್ನು 0ಯಿಂದ 10ರ ತನಕ ಅಳೆದಾಗ, ಆರು ವಾರಗಳ ಬಳಿಕ ನಿಜ ಸೂಜಿಯವರಿಗೆ ಸರಾಸರಿ 2 ಅಂಕ ಇಳಿದಿತ್ತು. ಸುಳ್ಳು ಸೂಜಿಯವರಿಗೂ ಏನೂ ಮಾಡದೆ ಕಾದವರಿಗೂ 1 ಅಂಕ. ಅಂದರೆ ಸೂಜಿಯ ಸ್ವಂತ ಪಾಲು ಸುಮಾರು 1 ಅಂಕ. ಇದು ಆಕಸ್ಮಿಕವಲ್ಲ ಎಂದು ಲೆಕ್ಕ ಹೇಳುತ್ತದೆ. ಆದರೆ ನಿತ್ಯದ ಬದುಕಿನಲ್ಲಿ ಅದು ದೊಡ್ಡದೇ ಎಂದು ಆ ಸಂಶೋಧಕರೇ ಪ್ರಶ್ನೆ ಉಳಿಸಿದರು. ವರ್ಷದ ಬಳಿಕ ನೋಡಿದಾಗಲೂ ಆ ವ್ಯತ್ಯಾಸ ಉಳಿದಿತ್ತು ಎಂಬುದು ಸಮಾಧಾನದ ವಿಷಯ.

ಉಳಿದ ಬಗೆಯ ನೋವಿಗೆ ಚಿತ್ರ ಇಷ್ಟು ಸ್ಪಷ್ಟವಿಲ್ಲ. ಎಲ್ಲ ಅಧ್ಯಯನಗಳನ್ನೂ ಜರಡಿ ಹಿಡಿಯುವ ಕಾಕ್ರೇನ್ ಸಂಸ್ಥೆ 2015ರಲ್ಲಿ ನೋಡಿದಾಗ ನಂಬಬಹುದಾದ ಅಧ್ಯಯನಗಳು ಐದೇ ಐದು ಸಿಕ್ಕವು, ಒಟ್ಟು 285 ರೋಗಿಗಳು. "ತೀರ್ಪು ಕೊಡಲು ಇದು ಸಾಲದು" ಎಂಬುದು ಅವರ ಮಾತಿನ ಸಾರ. 2020ರಲ್ಲಿ ‘ಜಾಮಾ ಆಂಕಾಲಜಿ’ಯಲ್ಲಿ ಬಂದ ಇನ್ನೊಂದು ವಿಶ್ಲೇಷಣೆ ಹೆಚ್ಚು ಆಶಾದಾಯಕ: ಸುಳ್ಳು ಸೂಜಿಗಿಂತ ನಿಜ ಸೂಜಿ ಸರಾಸರಿ 1.38 ಅಂಕ ಹೆಚ್ಚು ನೋವು ಇಳಿಸಿತ್ತು, ನೋವಿನ ಔಷಧಿಯ ಜೊತೆಗೆ ಬಳಸಿದಾಗಲೂ ಲಾಭ ಕಂಡಿತು. ಆದರೆ ಅಧ್ಯಯನದಿಂದ ಅಧ್ಯಯನಕ್ಕೆ ಫಲಿತಾಂಶ ಬಹಳ ಹಾರಾಡುತ್ತಿತ್ತು. ಬಾಯಿ, ಗಂಟಲಿನ ಕ್ಯಾನ್ಸರಿಗೆ ಕುತ್ತಿಗೆ ಆಪರೇಷನ್ ಆದವರ ಭುಜದ ನೋವಿಗೆ ನ್ಯೂಯಾರ್ಕಿನಲ್ಲಿ 2010ರಲ್ಲಿ ಮಾಡಿದ ಅಧ್ಯಯನದಲ್ಲಿ 58 ಮಂದಿಯನ್ನು ನೋಡಿದರು, ಸೂಜಿಯವರಿಗೆ ಒಳ್ಳೆಯದಾಯಿತು. ಅಲ್ಲಿ ಸುಳ್ಳು ಸೂಜಿಯ ಗುಂಪು ಇರಲಿಲ್ಲ.

ಇವನ್ನೆಲ್ಲ ಮುಂದಿಟ್ಟುಕೊಂಡು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಆ ಸ್ತನ ಕ್ಯಾನ್ಸರ್ ಮಾತ್ರೆಗಳ ಕೀಲುನೋವಿಗೆ ಅಕ್ಯುಪಂಕ್ಚರ್ ಕೊಡಬೇಕು, ಕ್ಯಾನ್ಸರಿನ ಇತರ ನೋವಿಗೆ ಕೊಡಬಹುದು ಎಂದು ಅದು ಹೇಳುತ್ತದೆ. "ಬೇಕು" ಮತ್ತು "ಬಹುದು" ನಡುವಿನ ಅಂತರವನ್ನು ಗಮನಿಸಿ. ಎರಡರಲ್ಲೂ ಉಳಿದ ಚಿಕಿತ್ಸೆಯ ಜೊತೆಗೆ ಎಂಬ ಮಾತು ಅಡಗಿದೆ. ಚಿಕಿತ್ಸೆಯನ್ನೇ ಬಿಟ್ಟು ಪರ್ಯಾಯ ಹಿಡಿದವರ ಕತೆ ಬೇರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಣವಾಗಬಲ್ಲ ಹಂತದ ಕ್ಯಾನ್ಸರ್ ಇದ್ದೂ ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡ 281 ಮಂದಿಯಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಇತ್ತು.

ಮಾರ್ಫಿನ್ ಎಂದರೆ ಯಾಕಿಷ್ಟು ಭಯ?

ಈ ಸಂದೇಶಗಳಿಂದ ಆಗುವ ನಿಜವಾದ ಹಾನಿ ಇಲ್ಲಿದೆ ಎಂದು ನಮ್ಮ ಅಭಿಪ್ರಾಯ. ಸೂಜಿ ಚುಚ್ಚಿಸಿಕೊಂಡು ಯಾರೂ ಸಾಮಾನ್ಯವಾಗಿ ಹಾಳಾಗುವುದಿಲ್ಲ. ಆದರೆ ಸಂದೇಶ ಓದಿದ ಮಗನೋ ಅಳಿಯನೋ ಮಾರ್ಫಿನ್ ಮಾತ್ರೆಯನ್ನು ಕಪಾಟಿನಲ್ಲೇ ಇಟ್ಟುಬಿಟ್ಟರೆ, ರಾತ್ರಿಯಿಡೀ ನರಳುವುದು ರೋಗಿ.

"ಮಾರ್ಫಿನ್ ಕೊಟ್ಟರೆಂದರೆ ಕೊನೆ ಹತ್ತಿರ ಬಂತು" ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಮೆಟ್ಟಿಲು ಕ್ರಮ ಹೇಳಿತು: ಸಣ್ಣ ನೋವಿಗೆ ಪ್ಯಾರಾಸಿಟಮಾಲ್ ಬಗೆಯವು, ಹೆಚ್ಚಾದಂತೆ ಬಲವಾದವು, ತೀವ್ರ ನೋವಿಗೆ ಮಾರ್ಫಿನ್. ಮೆಟ್ಟಿಲು ನಿರ್ಧಾರವಾಗುವುದು ನೋವಿನ ತೀವ್ರತೆಯಿಂದ, ಆಯುಸ್ಸು ಎಷ್ಟು ಉಳಿದಿದೆ ಎಂಬುದರಿಂದಲ್ಲ. ನೋವು ಇಳಿದ ಮೇಲೆ ಪ್ರಮಾಣ ಇಳಿಸಿ ನಿಲ್ಲಿಸಿದ ರೋಗಿಗಳೂ ಇರುತ್ತಾರೆ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಆದ್ದರಿಂದ ಗಡಿಯಾರ ನೋಡಿ ಕೊಡಬೇಕು. "ತಡೆಯಲಿಕ್ಕೆ ಆಗದಿದ್ದಾಗ ಮಾತ್ರ ಕೊಡೋಣ" ಎಂದು ಕಾದರೆ ನೋವು ಮುಂದೆ, ಮದ್ದು ಹಿಂದೆ.

ಚಟ ಹತ್ತುತ್ತದೆಯೇ? ನೋವಿಗಾಗಿ, ವೈದ್ಯರ ನಿಗಾದಲ್ಲಿ, ಲೆಕ್ಕದಲ್ಲಿ ತೆಗೆದುಕೊಳ್ಳುವ ಕ್ಯಾನ್ಸರ್ ರೋಗಿಗಳಲ್ಲಿ ಅದು ದೊಡ್ಡ ಸಮಸ್ಯೆಯಾಗಿ ಕಾಣುವುದಿಲ್ಲ. ಆದರೆ ಹಠಾತ್ತನೆ ನಿಲ್ಲಿಸಬಾರದು, ದೇಹ ಒಗ್ಗಿರುತ್ತದೆ. ಖಂಡಿತ ಬರುವ ತೊಂದರೆ ಮಲಬದ್ಧತೆ. ಮೊದಲ ದಿನದಿಂದಲೇ ಅದಕ್ಕೆ ಮದ್ದು ಬೇಕು, ವೈದ್ಯರು ಬರೆಯದಿದ್ದರೆ ಕೇಳಿ. ಮೊದಲ ಕೆಲವು ದಿನ ತೂಕಡಿಕೆ, ವಾಕರಿಕೆ ಬರಬಹುದು, ಸಾಮಾನ್ಯವಾಗಿ ಹೋಗುತ್ತವೆ. ರೋಗಿ ಎಬ್ಬಿಸಿದರೂ ಏಳದಷ್ಟು ಮಂಪರಾದರೆ, ಉಸಿರು ತೀರ ನಿಧಾನವಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಂದು ಮುಖ್ಯ ಸಂಗತಿ: ಊರಿನ ಯಾವುದೋ ಮೆಡಿಕಲ್ ಶಾಪಿನಲ್ಲಿ ಮಾರ್ಫಿನ್ ಸಿಗುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆಯ ನಂತರ ಅದನ್ನು ಇಟ್ಟುಕೊಳ್ಳುವುದೇ ಆಸ್ಪತ್ರೆಗಳಿಗೆ ತಲೆನೋವಾಗಿತ್ತು. 2014ರ ತಿದ್ದುಪಡಿಯ ಬಳಿಕ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಸುಲಭವಾಗಿದೆ. ಆದರೂ ಕಾಪು, ಕಾರ್ಕಳದವರು ಮಾತ್ರೆ ಮುಗಿಯುವ ನಾಲ್ಕು ದಿನ ಮೊದಲೇ ಮುಂದಿನ ಚೀಟಿಗೆ ವ್ಯವಸ್ಥೆ ಮಾಡಿಕೊಳ್ಳುವುದು ಒಳ್ಳೆಯದು. ಮಣಿಪಾಲದಲ್ಲಿ, 1953ರಲ್ಲಿ ಡಾ. ಟಿ.ಎಂ.ಎ. ಪೈ ಸ್ಥಾಪಿಸಿದ ಕಸ್ತೂರಬಾ ಮೆಡಿಕಲ್ ಕಾಲೇಜಿನಲ್ಲಿ, ನೋವು ಮತ್ತು ನರಳಾಟವನ್ನೇ ನೋಡಿಕೊಳ್ಳುವ ಪ್ಯಾಲಿಯೇಟಿವ್ ಮೆಡಿಸಿನ್ ವಿಭಾಗ ಇದೆ. ‘ಕೆಎಂಸಿಗೆ ಹೋಗುವುದು’ ಎಂದರೆ ಆಪರೇಷನ್ನಿಗೆ, ಕೀಮೋಗೆ ಎಂದಷ್ಟೇ ತಿಳಿದವರು ಬಹಳ. ನೋವಿಗಾಗಿಯೇ ಒಂದು ಒಪಿಡಿ ಇರುತ್ತದೆ, ಕೀಮೋ ನಡೆಯುತ್ತಿರುವಾಗಲೂ ಅಲ್ಲಿಗೆ ಹೋಗಬಹುದು.

ಯಾರಿಗೆ ಸೂಜಿ ಬೇಡ?

ತರಬೇತಾದವರ ಕೈಯಲ್ಲಿ ಸೂಜಿ ಬಹುಮಟ್ಟಿಗೆ ಸುರಕ್ಷಿತ. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿದಾಗ ಶೇ. 8.6 ಮಂದಿಗೆ ಏನಾದರೊಂದು ತೊಂದರೆಯಾಗಿತ್ತು, ಹೆಚ್ಚಿನವು ಸಣ್ಣ ರಕ್ತಸ್ರಾವ, ಚುಚ್ಚಿದಲ್ಲಿ ನೋವು ಇಂಥವು. ಇಬ್ಬರಿಗೆ ಸೂಜಿ ಎದೆಗೂಡಿನೊಳಗೆ ಹೋಗಿ ಶ್ವಾಸಕೋಶ ಕುಸಿದಿತ್ತು. ಅಪರೂಪ, ಆದರೆ "ಅಡ್ಡ ಪರಿಣಾಮ ಒಂದೂ ಇಲ್ಲ" ಎಂಬುದು ಸುಳ್ಳು. ಮೇಲಾಗಿ ಆ ಲೆಕ್ಕ ಬೆನ್ನುನೋವು, ಮಂಡಿನೋವು, ತಲೆನೋವಿನಂಥ ತೊಂದರೆ ಇದ್ದವರದು. ಕೀಮೋ ನಡೆಯುತ್ತಿರುವ ದೇಹ ಬೇರೆ.

ಕೀಮೋದಿಂದ ಬಿಳಿ ರಕ್ತಕಣ ಇಳಿದಾಗ ಸಣ್ಣ ಚುಚ್ಚುಗಾಯವೂ ಸೋಂಕಿಗೆ ಬಾಗಿಲು. ಪ್ಲೇಟ್‌ಲೆಟ್ ಆರೋಗ್ಯವಂತರಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತದೆ. 50,000ಕ್ಕಿಂತ ಕೆಳಗಿದ್ದರೆ ಸೂಜಿಯ ವಿಚಾರದಲ್ಲಿ ಎಚ್ಚರ ಬೇಕು, ಇನ್ನೂ ಕೆಳಗಿಳಿದರೆ ಬೇಡವೇ ಬೇಡ. ಹಾಗಾಗಿ ಸೂಜಿ ಹಾಕಿಸಲು ಹೋಗುವಾಗ ಇತ್ತೀಚಿನ ಸಿಬಿಸಿ ರಿಪೋರ್ಟ್ ಕೈಯಲ್ಲಿರಲಿ, ಅದನ್ನು ಕೇಳದೆಯೇ ಚುಚ್ಚಲು ಹೊರಟವರಿಂದ ದೂರವಿರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಹೇಳಬೇಕು. ಗಡ್ಡೆಯ ಮೇಲೆ, ವಿಕಿರಣ ಕೊಟ್ಟ ಚರ್ಮದ ಮೇಲೆ, ಸ್ತನ ಆಪರೇಷನ್ ನಂತರ ಬಾತಿರುವ ಕೈಗೆ, ಕೀಮೋ ಪೋರ್ಟ್ ಇರುವ ಜಾಗಕ್ಕೆ ಚುಚ್ಚಿಸಿಕೊಳ್ಳಬೇಡಿ. ಪೇಸ್‌ಮೇಕರ್ ಇದ್ದವರಿಗೆ ವಿದ್ಯುತ್ ಹರಿಸುವ ಬಗೆ ಬೇಡ.

ಮಾತು ಸೂಜಿಯದ್ದೇ ಆದ್ದರಿಂದ ಇನ್ನೊಂದು ಹಳೆಯ ಫಾರ್ವರ್ಡನ್ನೂ ಇಲ್ಲೇ ಮುಗಿಸಿಬಿಡೋಣ: "ಪಾರ್ಶ್ವವಾಯು ಹೊಡೆದಾಗ ಹತ್ತೂ ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ, ಚೀನಾದ ಪ್ರೊಫೆಸರ್ ಹೇಳಿದ್ದು." ಅದಕ್ಕೆ ಆಧಾರವೇ ಇಲ್ಲ. ರಕ್ತನಾಳದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಸಮಯ ನಾಲ್ಕೂವರೆ ಗಂಟೆ. ಬೆರಳು ಚುಚ್ಚುತ್ತಾ ಕೂತರೆ ಅದು ಕಳೆಯುತ್ತದೆ.

ಹಾಕಿಸಿಕೊಳ್ಳಲೇಬೇಕು ಎಂದಿದ್ದರೆ

ಮೊದಲು ಪ್ರಯಾಣದ ಲೆಕ್ಕ ಹಾಕಿ. ಆ ಸ್ತನ ಕ್ಯಾನ್ಸರ್ ಅಧ್ಯಯನದಲ್ಲಿ ಆರು ವಾರ ವಾರಕ್ಕೆರಡು ಸಲ, ಮತ್ತೆ ಆರು ವಾರ ವಾರಕ್ಕೊಂದು ಸಲ, ಒಟ್ಟು 18 ಸಲ ಸೂಜಿ ಹಾಕಿದ್ದರು. ಕಾರ್ಕಳದಿಂದ ಮಣಿಪಾಲಕ್ಕೆ ಸುಮಾರು 35 ಕಿಲೋಮೀಟರ್. ಹೋಗಿ ಬರುವುದು 18 ಸಲ ಎಂದರೆ 1,260 ಕಿಲೋಮೀಟರ್ ಬಸ್ಸು. ನಡೆದಾಡುವ, ಗಟ್ಟಿಯಾಗಿರುವ ಮಹಿಳೆಗೆ ಇದು ಸಾಧ್ಯ. ಹಾಸಿಗೆ ಹಿಡಿದವರನ್ನು ವಾರಕ್ಕೆರಡು ಸಲ ಎತ್ತಿ ಕಾರಿಗೆ ಹಾಕಿ ಕರೆದೊಯ್ದರೆ, ಸೂಜಿ ತಗ್ಗಿಸಿದ ನೋವಿಗಿಂತ ರಸ್ತೆ ಕೊಟ್ಟ ನೋವೇ ಹೆಚ್ಚಾಗಬಹುದು.

ಕ್ಯಾನ್ಸರ್ ವೈದ್ಯರಿಗೆ ಹೇಳಿ. ಬೈಯುತ್ತಾರೆ ಎಂದು ಹೆದರಿ ಮುಚ್ಚಿಡುವವರೇ ಹೆಚ್ಚು. ಆದರೆ ಅವರಿಗೆ ಬೇಕಾದದ್ದು ಎರಡೇ ಮಾಹಿತಿ: ರಕ್ತದ ಕಣಗಳ ಲೆಕ್ಕ ಸರಿ ಇದೆಯೇ, ಚಿಕಿತ್ಸೆ ತಪ್ಪುತ್ತಿಲ್ಲವೇ. ಸೂಜಿ ಹಾಕುವವರು ಬಿಎನ್‌ವೈಎಸ್ ಅಥವಾ ಬೇರೆ ವೈದ್ಯ ಪದವಿ ಮತ್ತು ನೋಂದಣಿ ಇರುವವರೇ ಎಂದು ನೋಡಿ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳಿಗೆ 2007ರ ಕೆಪಿಎಂಇ ಕಾಯ್ದೆಯಡಿ ನೋಂದಣಿ ಕಡ್ಡಾಯ. "ಕೀಮೋ ನಿಲ್ಲಿಸಿ ಬನ್ನಿ" ಎಂದವರ ಮೆಟ್ಟಿಲು ಮತ್ತೆ ಹತ್ತಬೇಡಿ.

ನೋವನ್ನು 0ಯಿಂದ 10ರ ತನಕ ದಿನಾ ಬೆಳಿಗ್ಗೆ, ರಾತ್ರಿ ಕ್ಯಾಲೆಂಡರಿನಲ್ಲೇ ಬರೆದಿಡಿ. ನಾಲ್ಕಾರು ವಾರ ಕಳೆದರೂ ಅಂಕ ಇಳಿಯದಿದ್ದರೆ ಹಣ ಉಳಿಸಿ. ಇಳಿದರೆ ಮಾರ್ಫಿನ್ ಕಡಿಮೆ ಮಾಡುವುದನ್ನು ವೈದ್ಯರು ನಿರ್ಧರಿಸಲಿ, ನೀವೇ ಮಾಡಬೇಡಿ. ಇನ್ನು ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು, ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗೆ ಹಾಕಬಾರದು, ಮುಗಿದ ಮೇಲೆ ಎಷ್ಟು ಚುಚ್ಚಿದ್ದರೋ ಅಷ್ಟೂ ಸೂಜಿಗಳನ್ನು ಎಣಿಸಿ ಗಟ್ಟಿ ಡಬ್ಬಿಗೆ ಹಾಕಬೇಕು. ಎಣಿಸುವುದನ್ನು ಜೊತೆಗೆ ಹೋದವರೂ ಮಾಡಬಹುದು.